ಕಿಮ್ ಜಿ-ವೊನ್ ಅಂದರೆ ಯಾವ ಕಿಮ್ ಜಿ-ವೊನ್?

ನೀನು ಬರೆದದ್ದು ಓದಿದೆ ಕಣಮ್ಮಾ. ಕೊರಿಯಾದ ಸುವೊನ್ ನಗರಕ್ಕೆ ಬಂದು ಇನ್ನೂ ತಿಂಗಳು ತುಂಬಿಲ್ಲ. ಟೀಮಿನಲ್ಲೇ ಇಬ್ಬರು ಕಿಮ್ ಜಿ-ವೊನ್, ಒಬ್ಬರು ಗಂಡಸು, ಒಬ್ಬರು ಹೆಂಗಸು. ಫೋನ್ ತೆಗೆದರೆ ಕಿಮ್‌ಗಳದೇ ಸಾಲು. ರಾತ್ರಿ ಧಾರಾವಾಹಿ ಹಾಕಿದರೆ ಅಲ್ಲೂ ಒಬ್ಬರು ಕಿಮ್ ಜಿ-ವೊನ್. "ಅಕ್ಕಾ, ಇವರಿಗೇ ಗೊಂದಲ ಆಗಲ್ವಾ? ನಾನು ಯಾರನ್ನ ಹೇಗೆ ಕರೀಲಿ?" ಅಂತ ಕೇಳಿದ್ದೀಯ. ಬಾಡಿಗೆ ಮನೆ, ತೊಗರಿಬೇಳೆ ಎಲ್ಲಿ ಸಿಗುತ್ತದೆ ಅನ್ನುವುದನ್ನು ಇಲ್ಲಿರುವ ನಮ್ಮವರು ಯಾರಾದರೂ ಹೇಳುತ್ತಾರೆ. ಹೆಸರಿನ ವಿಷಯ ನಾನು ಬರೆಯುತ್ತೇನೆ. ಇಲ್ಲಿ ಇಷ್ಟು ವರ್ಷ ಸಂಸಾರ ಮಾಡಿದವಳಾಗಿ ಹೇಳುತ್ತೇನೆ, ಒಂದೇ ಹೆಸರಿನ ಜನರನ್ನು ಬೇರೆ ಬೇರೆಯಾಗಿ ನೆನಪಿಟ್ಟುಕೊಳ್ಳುವುದು ಬಂದರೆ ಕೊರಿಯಾದಲ್ಲಿ ಅರ್ಧ ಕಷ್ಟ ಕಡಿಮೆ.

ನೀನು ನೋಡುತ್ತಿರುವ ಧಾರಾವಾಹಿಯಿಂದಲೇ ಶುರು ಮಾಡೋಣ. 'ಕ್ವೀನ್ ಆಫ್ ಟಿಯರ್ಸ್'ನ ನಾಯಕಿ ಕಿಮ್ ಜಿ-ವೊನ್ 1992ರಲ್ಲಿ ಹುಟ್ಟಿದವರು. ಐಕಾನ್ ಅನ್ನುವ ಹಾಡಿನ ತಂಡದ ರ್‍ಯಾಪರ್ ಬಾಬಿ ಗೊತ್ತಲ್ವಾ? ಅವರ ನಿಜವಾದ ಹೆಸರೂ ಕಿಮ್ ಜಿ-ವೊನ್. 1995ರಲ್ಲಿ ಹುಟ್ಟಿದ ಗಂಡು ಹುಡುಗ. ಐವ್ ಅನ್ನುವ ಹಾಡಿನ ತಂಡದ ಲಿಜ್ ಕೂಡ ಕಿಮ್ ಜಿ-ವೊನ್, 2004ರಲ್ಲಿ ಹುಟ್ಟಿದ ಹುಡುಗಿ. ಹಂಗುಲ್‌ನಲ್ಲಿ, ಅಂದರೆ ಕೊರಿಯನ್ ಲಿಪಿಯಲ್ಲಿ ಬರೆದರೆ ಮೂವರದೂ ಅದೇ ಮೂರು ಅಕ್ಷರ. ಜಿ-ವೊನ್, ಜಿ-ಮಿನ್ ತರಹದ ಹೆಸರುಗಳನ್ನು ಗಂಡಿಗೂ ಇಡುತ್ತಾರೆ, ಹೆಣ್ಣಿಗೂ ಇಡುತ್ತಾರೆ. ಬಿಟಿಎಸ್‌ನ ಜಿಮಿನ್ ಅವರ ಪೂರ್ತಿ ಹೆಸರು ಪಾರ್ಕ್ ಜಿ-ಮಿನ್. ಜೇಮಿ ಅನ್ನುವ ಗಾಯಕಿಯೂ ಪಾರ್ಕ್ ಜಿ-ಮಿನ್. ಹಾಗಾಗಿ ಮೇಲ್‌ನಲ್ಲಿ ಹೆಸರು ನೋಡಿ ಗಂಡಸೋ ಹೆಂಗಸೋ ಅಂತ ಊಹೆ ಮಾಡಲು ಹೋಗಬೇಡ. ಸಿನಿಮಾ, ಸಂಗೀತದವರಿಗೆ ಒಂದು ಅನುಕೂಲ ಇದೆ, ಬೇರೆ ಹೆಸರು ಇಟ್ಟುಕೊಂಡುಬಿಡುತ್ತಾರೆ. ನಟ ಲೀ ಮಿನ್-ಹೊ ದೊಡ್ಡ ಹೆಸರು ಮಾಡಿದ ಮೇಲೆ ಅದೇ ಹೆಸರಿನ ಇನ್ನೊಬ್ಬ ಚಿಕ್ಕ ವಯಸ್ಸಿನ ನಟ ಲೀ ತೆ-ರಿ ಅಂತ ಬದಲಾಯಿಸಿಕೊಂಡರು. ಸ್ಟ್ರೇ ಕಿಡ್ಸ್ ಹಾಡಿನ ತಂಡದ ಲೀ ನೋ ಅವರೂ ಹುಟ್ಟು ಹೆಸರಿನಲ್ಲಿ ಲೀ ಮಿನ್-ಹೊ.

ಇಷ್ಟೊಂದು ಕಿಮ್‌ಗಳು ಎಲ್ಲಿಂದ ಬಂದರು ಅಂತಲೂ ಕೇಳಿದ್ದೀಯ. 2015ರ ಜನಗಣತಿಯಲ್ಲಿ ಕಿಮ್ ಮನೆತನದವರು 1 ಕೋಟಿ 6 ಲಕ್ಷಕ್ಕೂ ಜಾಸ್ತಿ, ಅಂದರೆ ನೂರಕ್ಕೆ 21 ಮಂದಿಗಿಂತ ಹೆಚ್ಚು. ಕಿಮ್, ಲೀ, ಪಾರ್ಕ್ ಮೂರೂ ಸೇರಿದರೆ ನೂರಕ್ಕೆ ಸುಮಾರು 45. ಹಿಂದೆ ರಾಜರ ಕಾಲದಲ್ಲಿ ಮನೆತನದ ಹೆಸರು ಹೆಚ್ಚಾಗಿ ದೊಡ್ಡವರಿಗೆ ಇತ್ತು. ಆಳುಗಳಿಗೆ, ಬಡವರಲ್ಲಿ ಎಷ್ಟೋ ಜನಕ್ಕೆ ಇರಲೇ ಇಲ್ಲ. 1894ರಲ್ಲಿ ಮೇಲು ಕೀಳಿನ ಪದ್ಧತಿ ರದ್ದಾಯಿತು. 1909ರಲ್ಲಿ ಎಲ್ಲರೂ ಹೆಸರು ನೋಂದಾಯಿಸಬೇಕು ಅಂತ ಕಾನೂನು ಬಂತು. ಆಗ ಹೊಸದಾಗಿ ಹೆಸರು ಬೇಕಾದವರಲ್ಲಿ ಬಹಳ ಮಂದಿ ಊರಿನ ದೊಡ್ಡ ಮನೆತನದ ಹೆಸರನ್ನೇ ಬರೆಸಿಕೊಂಡರು. ಅದಕ್ಕೆ ಮೊದಲೇ ವಂಶಾವಳಿ ಪುಸ್ತಕ ದುಡ್ಡು ಕೊಟ್ಟು ಕೊಂಡವರೂ ಇದ್ದರು. ನನಗೆ ಇದು ಬೇಸರದ ಕಥೆ ಅನ್ನಿಸುವುದಿಲ್ಲ. ಹೆಸರೇ ಇಲ್ಲದವರು ಒಂದು ಗೌರವದ ಹೆಸರು ಬೇಕು ಅಂತ ಆಸೆಪಟ್ಟರು, ಅದರಲ್ಲಿ ತಪ್ಪೇನಿದೆ?

ಕಿಮ್ ಅಂದರೆ ಎಲ್ಲರೂ ಒಂದೇ ಬಳಗ ಅಂತಲೂ ಅಲ್ಲ. ಮನೆತನದ ಹೆಸರಿನ ಜೊತೆ ಮೂಲದ ಊರು ಇರುತ್ತದೆ. ಅದಕ್ಕೆ ಬೊನ್-ಗ್ವಾನ್ ಅನ್ನುತ್ತಾರೆ. ಗ್ಯೊಂಗ್ಜು ಕಿಮ್ ಬೇರೆ, ಗಿಮ್ಹೇ ಕಿಮ್ ಬೇರೆ. ಒಂದೇ ಹೆಸರು, ಒಂದೇ ಮೂಲದವರು ಮದುವೆ ಆಗುವಂತಿಲ್ಲ ಅಂತ ಕಾನೂನೇ ಇತ್ತು. ಅದು ಸಂವಿಧಾನಕ್ಕೆ ಹೊಂದುವುದಿಲ್ಲ ಅಂತ 1997ರಲ್ಲಿ ಸಂವಿಧಾನ ನ್ಯಾಯಾಲಯ ಹೇಳಿತು, 2005ರಲ್ಲಿ ಕಾನೂನು ತಿದ್ದಿದರು. ಗಿಮ್ಹೇ ಕಿಮ್‌ಗಳು ಎಲ್ಲರಿಗಿಂತ ದೊಡ್ಡ ಬಳಗ. ಅವರಲ್ಲಿ ವಯಸ್ಸಾದವರು ಯಾರಾದರೂ ಸಿಕ್ಕರೆ, ನೀನು ಇಂಡಿಯಾದವಳು ಅಂತ ಗೊತ್ತಾದ ಕೂಡಲೇ ರಾಣಿ ಹಿಯೊ ಹ್ವಾಂಗ್-ಓಕ್ ಕಥೆ ತೆಗೆಯುತ್ತಾರೆ. ಕ್ರಿ.ಶ. 48ರಲ್ಲಿ ಆಯುತ ಅನ್ನುವ ದೇಶದಿಂದ ಹಡಗಿನಲ್ಲಿ ಬಂದು, ಈ ಬಳಗದ ಮೂಲಪುರುಷ ಸುರೊ ರಾಜನನ್ನು ಮದುವೆ ಆದಳು ಅಂತ 13ನೇ ಶತಮಾನದ 'ಸಮ್‌ಗುಕ್ ಯುಸಾ' ಗ್ರಂಥ ಹೇಳುತ್ತದೆ. ಆಯುತ ಅಂದರೆ ಅಯೋಧ್ಯೆ ಅಂತ ತುಂಬಾ ಜನ ನಂಬುತ್ತಾರೆ, ಇತಿಹಾಸಕಾರರು ಎಲ್ಲರೂ ಒಪ್ಪುವುದಿಲ್ಲ. 2001ರಲ್ಲಿ ಅಯೋಧ್ಯೆಯಲ್ಲಿ ಆ ರಾಣಿಯ ಸ್ಮಾರಕ ಕಟ್ಟಿದರು. ಯಾರಾದರೂ ಆ ಮಾತು ತೆಗೆದರೆ ವಾದಕ್ಕೆ ಇಳಿಯಬೇಡ. ಅದು ನಿನ್ನನ್ನು ನೆಂಟಳು ಅಂತ ಕರೆಯುವ ಅವರ ರೀತಿ.

ಇನ್ನು ಮನೆತನದ ಹೆಸರಿನ ನಂತರ ಬರುವ ಸ್ವಂತ ಹೆಸರು. ಅದು ಕಾಲಕ್ಕೆ ತಕ್ಕ ಹಾಗೆ ಬದಲಾಗುತ್ತದೆ. 1978ರಲ್ಲಿ ಹೆಣ್ಣುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಜಿ-ಯಂಗ್. 1988ರಲ್ಲಿ ಜಿ-ಹೆ. 2008ರಲ್ಲಿ ಸೊ-ಯೊನ್, ಗಂಡುಮಕ್ಕಳಿಗೆ ಮಿನ್-ಜುನ್. ಸುನ್-ಜಾ, ಯಂಗ್-ಜಾ ಅಂತ 'ಜಾ' ಕೊನೆಗೆ ಬಂದರೆ ಅಜ್ಜಿ ವಯಸ್ಸಿನವರು, ಜಪಾನಿನ ಆಳ್ವಿಕೆಯ ಕಾಲದ ನೆರಳು ಅದು. ಹೆಸರು ಕೇಳಿದರೆ ವಯಸ್ಸು ಸುಮಾರಾಗಿ ಗೊತ್ತಾಗುವುದು ಹೀಗೆ. ಒಂದು ಪೀಳಿಗೆಯಲ್ಲಿ ಒಂದೇ ಹೆಸರು ಸಾವಿರಾರು ಜನಕ್ಕೆ ಬರುವುದೂ ಹೀಗೆಯೇ.

ನನಗೆ ಎಲ್ಲಕ್ಕಿಂತ ಇಷ್ಟವಾದ ಹೆಸರು ಲೀ ಜಂಗ್-ಉನ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕೊರಿಯಾದ ಮಹಿಳಾ ಗಾಲ್ಫ್ ಸಂಘದಲ್ಲಿ ಒಂದೇ ಹೆಸರಿನವರು ಸೇರಿದರೆ, ಸೇರಿದ ಕ್ರಮದಲ್ಲಿ ಹೆಸರಿನ ಮುಂದೆ ಅಂಕಿ ಹಾಕುತ್ತಾರೆ. 1996ರಲ್ಲಿ ಹುಟ್ಟಿದ ಒಬ್ಬ ಹುಡುಗಿ ಸೇರುವ ಹೊತ್ತಿಗೆ ಆಗಲೇ ಐದು ಲೀ ಜಂಗ್-ಉನ್ ಇದ್ದರು. ಇವಳಿಗೆ 6 ಬಂತು. ಸ್ಕೋರ್ ಬೋರ್ಡಿನಲ್ಲಿ 'ಲೀ6' ಅಂತಲೇ ಬರುತ್ತದೆ. ಅವಳ ಅಪ್ಪ ಲಾರಿ ಓಡಿಸುತ್ತಿದ್ದವರು. ಅವಳಿಗೆ ನಾಲ್ಕು ವರ್ಷ ಇದ್ದಾಗ ಅಪಘಾತವಾಗಿ ಅಪ್ಪನಿಗೆ ನಡೆಯಲು ಆಗದಂತಾಯಿತು. ಆ ಮನೆಯಿಂದ ಬಂದ ಹುಡುಗಿ 2017, 2018 ಎರಡು ವರ್ಷವೂ ಕೊರಿಯಾದಲ್ಲಿ ಅತಿ ಹೆಚ್ಚು ಬಹುಮಾನದ ಹಣ ಗೆದ್ದಳು. ಆಮೇಲೆ ಅಮೆರಿಕಕ್ಕೆ ಹೋದಳು. ಅಲ್ಲಿಗೆ ಹೋದಾಗ ಅಂಕಿ ಬಿಡಬಹುದಿತ್ತು, ಬಿಡಲಿಲ್ಲ. 2019ರ ಜೂನ್ 2ರಂದು ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಯು.ಎಸ್. ವಿಮೆನ್ಸ್ ಓಪನ್ ಗೆದ್ದಳು. ಗೆದ್ದ ಸ್ಕೋರ್ ಎಷ್ಟು ಗೊತ್ತಾ? ಪಾರ್, ಅಂದರೆ ನಿಗದಿ ಮಾಡಿದ ಹೊಡೆತಗಳಿಗಿಂತ 6 ಕಡಿಮೆ. ಬಹುಮಾನ ಹತ್ತು ಲಕ್ಷ ಡಾಲರ್. ಆ ವರ್ಷದ ಅತ್ಯುತ್ತಮ ಹೊಸ ಆಟಗಾರ್ತಿ ಪ್ರಶಸ್ತಿಯೂ ಅವಳಿಗೇ ಬಂತು. ಅಮೆರಿಕದ ಟೂರ್‌ನಲ್ಲಿ ಲೀ5 ಕೂಡ ಆಡುತ್ತಿದ್ದರು, ಅವರು 1988ರಲ್ಲಿ ಹುಟ್ಟಿದವರು. ಅಂಕಿ ಹಾಕುವುದು ಅವಮಾನ ಅಂತ ನಮ್ಮ ಕಡೆಯವರು ಕೆಲವರು ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ಆ ಹುಡುಗಿ ಆ 6 ಅನ್ನು ತನ್ನದನ್ನಾಗಿ ಮಾಡಿಕೊಂಡ ರೀತಿ ನೋಡು.

ಇದೇ ಹೊತ್ತಿಗೆ ಇನ್ನೊಬ್ಬರು ಲೀ ಜಂಗ್-ಉನ್ ಸುದ್ದಿಯಲ್ಲಿ ಇದ್ದರು. 'ಪ್ಯಾರಸೈಟ್' ಸಿನಿಮಾದಲ್ಲಿ ಆ ದೊಡ್ಡ ಮನೆಯ ಹಳೆಯ ಕೆಲಸದಾಕೆ, ಮಳೆಯಲ್ಲಿ ನೆನೆಯುತ್ತಾ ಬಾಗಿಲ ಬೆಲ್ ಒತ್ತುತ್ತಾಳಲ್ವಾ, ಆ ನಟಿ. ಇಂಗ್ಲಿಷಿನಲ್ಲಿ ಇಬ್ಬರ ಸ್ಪೆಲಿಂಗ್ ಬೇರೆ, ಹಂಗುಲ್‌ನಲ್ಲಿ ಅಕ್ಷರ ಒಂದೇ. 1970ರಲ್ಲಿ ಹುಟ್ಟಿದ ಈಕೆ 1991ರಿಂದ ನಾಟಕ ಮಾಡಿಕೊಂಡು ಬಂದವರು. ಜನರ ಬಾಯಲ್ಲಿ ಹೆಸರು ಬರಲು ಎಷ್ಟೋ ವರ್ಷ ಬೇಕಾಯಿತು. 2019ರ ಮೇ 25ರಂದು ಆ ಸಿನಿಮಾಕ್ಕೆ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಪಾಮ್ ದೋರ್ ಬಂತು. ಒಂದು ವಾರ ಕಳೆದ ಮೇಲೆ ಗಾಲ್ಫ್‌ನ ಲೀ ಜಂಗ್-ಉನ್ ಗೆದ್ದರು. ನವೆಂಬರಿನಲ್ಲಿ ನಟಿಗೆ ಕೊರಿಯಾದ ಬ್ಲೂ ಡ್ರ್ಯಾಗನ್ ಸಿನಿಮಾ ಪ್ರಶಸ್ತಿಗಳಲ್ಲಿ ಪೋಷಕ ನಟಿ ಪ್ರಶಸ್ತಿ. ಇಬ್ಬರನ್ನೂ ಯಾರೂ ಒಬ್ಬರೆಂದು ತಿಳಿಯಲಿಲ್ಲ. ಇಲ್ಲಿಯ ಜನ ಹೆಸರನ್ನು ಒಂಟಿಯಾಗಿ ಹಿಡಿಯುವುದಿಲ್ಲ. ಗಾಲ್ಫರ್ ಲೀ ಜಂಗ್-ಉನ್, ನಟಿ ಲೀ ಜಂಗ್-ಉನ್ ಅಂತ ಕೆಲಸದ ಜೊತೆ ಸೇರಿಸಿಯೇ ಹೇಳುತ್ತಾರೆ. ನೀನು ಕಲಿಯಬೇಕಾದ್ದು ಇದನ್ನೇ.

ಕಿಮ್ ಮಿನ್-ಜೆ ಅನ್ನುವ ಹೆಸರಂತೂ ಕೇಳಲೇಬೇಡ. ನಾಪೊಲಿ ಫುಟ್‌ಬಾಲ್ ತಂಡ 2023ರಲ್ಲಿ 33 ವರ್ಷದ ಮೇಲೆ ಇಟಲಿಯ ಲೀಗ್ ಗೆದ್ದಾಗ ಡಿಫೆನ್ಸ್‌ನಲ್ಲಿ ಗೋಡೆಯ ಹಾಗೆ ನಿಂತವರು ಕಿಮ್ ಮಿನ್-ಜೆ. ಆಮೇಲೆ ಬಯರ್ನ್ ಮ್ಯೂನಿಕ್‌ಗೆ ಹೋದರು. ಹುಟ್ಟಿದ್ದು 1996ರ ನವೆಂಬರ್ 15. ನಟ ಕಿಮ್ ಮಿನ್-ಜೆ ಹುಟ್ಟಿದ್ದು ಅದೇ ವರ್ಷದ ನವೆಂಬರ್ 5. ಇನ್ನೊಬ್ಬರು ವೇಟ್‌ಲಿಫ್ಟರ್ ಕಿಮ್ ಮಿನ್-ಜೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 94 ಕಿಲೊ ವಿಭಾಗದಲ್ಲಿ 8ನೇ ಸ್ಥಾನ. ಅವರಿಗಿಂತ ಮೇಲಿದ್ದವರಲ್ಲಿ ಆರು ಜನ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದು, ವರ್ಷಗಳ ಮೇಲೆ ಬೆಳ್ಳಿ ಪದಕ ಇವರಿಗೆ ಬಂತು. ಆ ಸಂಜೆಯ ವೇದಿಕೆ, ಚಪ್ಪಾಳೆ ಮಾತ್ರ ಅವರಿಗೆ ಸಿಗಲಿಲ್ಲ. ಮೂವರಲ್ಲಿ ಫುಟ್‌ಬಾಲ್‌ನವರ ಹೆಸರು ಎಲ್ಲರಿಗೂ ಗೊತ್ತು. ಈ ಮೂರನೆಯವರನ್ನೂ ನೀನು ನೆನಪಿಟ್ಟುಕೋ ಅಂತ ನನ್ನ ಆಸೆ.

ಕುಸ್ತಿ ಬಡಿದಾಟ ನಿನಗೆ ಇಷ್ಟವೋ ಇಲ್ಲವೋ. ಆದರೂ ಹೇಳುತ್ತೇನೆ, ಯುಎಫ್‌ಸಿ ಅನ್ನುವ ಬಡಿದಾಟದ ಪಂದ್ಯಗಳಲ್ಲಿ ಒಂದೇ ಕಾಲಕ್ಕೆ ಇಬ್ಬರು ಕಿಮ್ ಡಾಂಗ್-ಹ್ಯುನ್ ಇದ್ದರು. 2015ರ ನವೆಂಬರಿನಲ್ಲಿ ಸೋಲ್‌ನಲ್ಲಿ ಪಂದ್ಯ ಇಟ್ಟಾಗ ಇಬ್ಬರೂ ಒಂದೇ ರಾತ್ರಿ ಆಡಿದರು. ದೊಡ್ಡವರು ಗೆದ್ದರು, ಚಿಕ್ಕವರು ಸೋತರು. ಚಿಕ್ಕವರ ಅಡ್ಡಹೆಸರು ಮಾಎಸ್ಟ್ರೊ. ಮುಂದೆ ಅದರ ಮೊದಲ ಅಕ್ಷರ ಹಿಡಿದು ಮಾ ಡಾಂಗ್-ಹ್ಯುನ್ ಅಂತ ಆಡತೊಡಗಿದರು. ರಾಜಕೀಯದಲ್ಲೂ ಇದೇ. ಅಧ್ಯಕ್ಷರಾಗಿದ್ದು 2000ದಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಕಿಮ್ ದೆ-ಜಂಗ್ ಒಬ್ಬರು. 'ಚೊಸುನ್ ಇಲ್ಬೊ' ಪತ್ರಿಕೆಯಲ್ಲಿ ಅಂಕಣ ಬರೆದು ಹೆಸರಾದ ಕಿಮ್ ದೆ-ಜಂಗ್ ಇನ್ನೊಬ್ಬರು. ಒಬ್ಬರು ಸರ್ವಾಧಿಕಾರದ ವಿರುದ್ಧ ಹೋರಾಡಿ ಜೈಲು ಕಂಡವರು, ಇನ್ನೊಬ್ಬರು ಸಂಪ್ರದಾಯವಾದಿ ನಿಲುವಿನ ಲೇಖಕರು. ಹೆಸರು ನೋಡಿ ಮನುಷ್ಯರನ್ನು ಅಳೆಯುವ ಹಾಗಿಲ್ಲ ಅಂತ ಇಲ್ಲಿಯವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ನಿನ್ನ ಆಫೀಸಿಗೆ ಬರೋಣ. ಫೋನಿನಲ್ಲಿ ಬರೀ ಹೆಸರು ಸೇವ್ ಮಾಡಬೇಡ. ಹೆಸರು, ಟೀಮ್, ಹುದ್ದೆ ಮೂರನ್ನೂ ಹಾಕು. ಮೇಲ್ ಪಟ್ಟಿಯಲ್ಲಿ ಹೆಸರಿನ ಪಕ್ಕ ಎ, ಬಿ ಅಂತ ಇದ್ದರೆ ಅದನ್ನೂ ಬರೆದುಕೋ. ಕಳುಹಿಸುವ ಮುಂಚೆ ಟೀಮ್ ಹೆಸರು ನೋಡುವ ಅಭ್ಯಾಸ ಇರಲಿ. ಕರೆಯುವಾಗ, ದೇರಿ, ಗ್ವಾಜಾಂಗ್, ಬುಜಾಂಗ್ ಅಂತ ಹುದ್ದೆ ಇದ್ದರೆ ಅದರ ಕೊನೆಗೆ ನಿಮ್ ಸೇರಿಸು, ನಮ್ಮ 'ಅವರೇ' ತರಹದ ಗೌರವದ ಮಾತು ಅದು. "ಕಿಮ್ ಗ್ವಾಜಾಂಗ್‌ನಿಮ್" ಅಂದರೆ ಸಾಕು. ಹುದ್ದೆಯ ಹೆಸರು ಬಿಟ್ಟಿರುವ ಕಂಪನಿಗಳೂ ಇವೆ, ಅಲ್ಲಿ ಹೆಸರಿನ ಮೇಲೆ ನಿಮ್ ಹಾಕುತ್ತಾರೆ. ಸಮವಯಸ್ಸಿನವರಿಗೆ "ಜಿ-ವೊನ್ ಶಿ" ಅನ್ನಬಹುದು. ಬರೀ "ಕಿಮ್ ಶಿ" ಅಂತ ಮಾತ್ರ ಯಾರನ್ನೂ ಕರೆಯಬೇಡ, ಆಳನ್ನು ಕರೆದ ಹಾಗೆ ಕೇಳಿಸುತ್ತದೆ. ಇಬ್ಬರು ಜಿ-ವೊನ್ ಎದುರಿಗೇ ಇದ್ದರೆ ಟೀಮಿನವರು ಏನಂತ ಕರೆಯುತ್ತಾರೆ ಅಂತ ಎರಡು ದಿನ ಕಿವಿಗೊಟ್ಟು ಕೇಳು. ಅವರೇ ಏನೋ ಒಂದು ದಾರಿ ಮಾಡಿಕೊಂಡಿರುತ್ತಾರೆ. ನನ್ನ ಮಗಳ ಕ್ಲಾಸಿನಲ್ಲಿ ಇಬ್ಬರು ಜಿ-ಊ ಇದ್ದರು. ಮಕ್ಕಳು ದೊಡ್ಡ ಜಿ-ಊ, ಚಿಕ್ಕ ಜಿ-ಊ ಅಂತ ಕರೆಯುತ್ತಿದ್ದರು. ಅವರ ತಾಯಂದಿರನ್ನು ನಾವು ಜಿ-ಊ ಅಮ್ಮ ಅಂತಲೇ ಕರೆದೆವು. ಇಲ್ಲಿ ಮದುವೆ ಆದ ಮೇಲೂ ಹೆಂಗಸರ ಮನೆತನದ ಹೆಸರು ಬದಲಾಗುವುದಿಲ್ಲ. ಅದಕ್ಕೆ ಗಂಡನ ಹೆಸರಿನಿಂದ ಹೆಂಡತಿಯನ್ನು ಹುಡುಕಲು ಹೋದರೆ ಸಿಗುವುದಿಲ್ಲ.

ಆಸ್ಪತ್ರೆಯಲ್ಲಿ ಹೆಸರು ಕೂಗಿದ ಮೇಲೆ ಹುಟ್ಟಿದ ದಿನ ಕೇಳುತ್ತಾರೆ. ಒಮ್ಮೆ ನಮ್ಮ ಮುಂದೆಯೇ ಒಂದು ಹೆಸರಿಗೆ ಇಬ್ಬರು ಎದ್ದು ನಿಂತರು. ನರ್ಸ್ ಹುಟ್ಟಿದ ತಾರೀಕು ಕೇಳಿದರು, ಒಬ್ಬರು ನಗುತ್ತಾ ಕೂತರು, ಮುಗಿಯಿತು. ಪಾರ್ಸೆಲ್ ತೆಗೆದುಕೊಳ್ಳುವಾಗ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ. ಹುಟ್ಟಿದ ದಿನವನ್ನೂ ನಿನ್ನ ಕೊನೆಯ ನಾಲ್ಕು ಅಂಕಿಯನ್ನೂ ಕೊರಿಯನ್ ಭಾಷೆಯಲ್ಲಿ ತಡವರಿಸದೆ ಹೇಳಲು ಈ ವಾರವೇ ಕಲಿತುಕೋ.

ಇನ್ನು ನಿನ್ನ ಹೆಸರು. ಇದು ನೀನು ಕೇಳಿಲ್ಲ, ಆದರೆ ನಮ್ಮ ಕಡೆಯವರಿಗೆ ಇದೇ ದೊಡ್ಡ ತೊಂದರೆ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಇರುತ್ತದೆ, ಇಲ್ಲವೇ ಖಾಲಿ ಇರುತ್ತದೆ. ವಿದೇಶಿಯರಿಗೆ ಇಲ್ಲಿ ಕೊಡುವ ರೆಸಿಡೆನ್ಸ್ ಕಾರ್ಡಿನಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೆಯೇ ಬರುತ್ತದೆ. ಬ್ಯಾಂಕ್ ಖಾತೆ, ಮೊಬೈಲ್ ಸಿಮ್ ಎರಡರಲ್ಲೂ ಅಕ್ಷರ, ಕ್ರಮ, ನಡುವಿನ ಜಾಗ ಎಲ್ಲ ಕಾರ್ಡಿನ ಹಾಗೆಯೇ ಇರಬೇಕು. ಒಂದು ಜಾಗ ಆಚೆ ಈಚೆ ಆದರೂ ಆನ್‌ಲೈನಿನಲ್ಲಿ ಗುರುತು ದೃಢವಾಗುವುದಿಲ್ಲ, ಟಿಕೆಟ್ ಕೂಡ ಬುಕ್ ಮಾಡಲು ಆಗುವುದಿಲ್ಲ. ಖಾತೆ ತೆರೆಯುವಾಗ ಕಾರ್ಡನ್ನು ಕೌಂಟರಿನವರ ಮುಂದೆ ಇಟ್ಟು, ಅವರು ಟೈಪ್ ಮಾಡಿದ್ದನ್ನು ಅಕ್ಷರ ಅಕ್ಷರ ಓದಿ ನೋಡು. ಸರ್‌ನೇಮ್ ಜಾಗದಲ್ಲಿ ಅಪ್ಪನ ಹೆಸರು ಇದ್ದರೆ ಆಫೀಸಿನವರು ನಿನ್ನನ್ನು ಅಪ್ಪನ ಹೆಸರು ಹಿಡಿದೇ ಕರೆಯಲು ಶುರು ಮಾಡುತ್ತಾರೆ. ಆಗಲೇ ಎಚ್‌ಆರ್‌ಗೆ ಹೇಳಿ, ನಿನ್ನ ಸ್ವಂತ ಹೆಸರನ್ನು ಹಂಗುಲ್‌ನಲ್ಲಿ ಹೇಗೆ ಬರೆಯಬೇಕು ಅಂತ ನೀನೇ ಬರೆದುಕೊಡು. ಹೇಗೆ ಬರೆಯುವುದು ಅಂತ ಗೊತ್ತಾಗದಿದ್ದರೆ ನನಗೆ ಕಳುಹಿಸು, ನಾನು ನೋಡಿ ಹೇಳುತ್ತೇನೆ.