ದುಬಾರಿ ಸ್ಪೀಕರ್‌ನ ಬಾಸ್ ಕುಳಿತಲ್ಲಿ ಕೇಳಿಸದಿರುವುದೇಕೆ?

ಪ್ರಶ್ನೆ: ನಮ್ಮ ಮನೆಯ ಹಾಲ್ 5 ಮೀಟರ್ ಉದ್ದ, 4 ಮೀಟರ್ ಅಗಲವಿದೆ. 28 ಹರ್ಟ್ಜ್‌ವರೆಗೂ ನುಡಿಯುತ್ತದೆಂದು ತಯಾರಕರು ಹೇಳುವ, ನೆಲದ ಮೇಲೆ ನಿಲ್ಲಿಸುವ ದುಬಾರಿ ಸ್ಪೀಕರ್ ಜೋಡಿಯನ್ನು ಕೊಂಡಿದ್ದೇನೆ. ಹಾಲ್‌ನ ನಡುವಿನ ಸೋಫಾದಲ್ಲಿ ಕುಳಿತರೆ ಆಳದ ಬಾಸ್ (ತೀರ ತಗ್ಗಿನ ಸ್ವರಗಳು) ಕೇಳಿಸುವುದೇ ಇಲ್ಲ. ಹಿಂದಿನ ಮೂಲೆಯಲ್ಲಿ ನಿಂತರೆ ಎದೆ ನಡುಗುತ್ತದೆ. ಹೆಚ್ಚು ವ್ಯಾಟ್‌ನ ಆಂಪ್ಲಿಫೈಯರ್ ಹಾಕಿಸಬೇಕೇ ಅಥವಾ ಇನ್ನೂ ದೊಡ್ಡ ಸ್ಪೀಕರ್ ತರಬೇಕೇ?
(ಓದುಗರೊಬ್ಬರು, ಮೈಸೂರು)

ಉತ್ತರ: ದಯವಿಟ್ಟು ಎರಡಕ್ಕೂ ಹಣ ಹಾಕಬೇಡಿ. ಮೂಲೆಯಲ್ಲಿ ಬಾಸ್ ಗಟ್ಟಿಯಾಗಿ ಕೇಳಿಸುತ್ತಿದೆಯೆಂದರೆ ಸ್ಪೀಕರ್ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ತೊಂದರೆ ಇರುವುದು ನೀವು ಕೂರುವ ಜಾಗದಲ್ಲಿ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ 34 ಹರ್ಟ್ಜ್‌ನ ಸ್ವರದ ತರಂಗದೂರ (ಒಂದು ಪೂರ್ತಿ ಅಲೆಯ ಉದ್ದ) ಸುಮಾರು 10 ಮೀಟರ್, ಅಂದರೆ ನಿಮ್ಮ ಹಾಲ್‌ನ ಉದ್ದದ ಎರಡರಷ್ಟಾಗುತ್ತದೆ. ಈ ಅಲೆ ಎದುರುಬದುರು ಗೋಡೆಗಳಿಗೆ ಬಡಿದು ಹಿಂದಿರುಗುತ್ತ ಸ್ಥಿರ ತರಂಗವಾಗಿ ನಿಂತುಬಿಡುತ್ತದೆ. ಆಗ ಗೋಡೆಗಳ ಬಳಿ ಗಾಳಿಯ ಒತ್ತಡದ ಏರಿಳಿತ ಅತಿ ಹೆಚ್ಚು, ನಟ್ಟನಡುವೆ ಬಹುತೇಕ ಸೊನ್ನೆ. ಕಿವಿಗೆ ಕೇಳಿಸುವುದು ಈ ಏರಿಳಿತವೇ ಆದ್ದರಿಂದ ಸೋಫಾದಲ್ಲಿ ಆ ಸ್ವರವೇ ಇಲ್ಲವಾಗುತ್ತದೆ. ಡಬಲ್ ಬಾಸ್ ವಾದ್ಯದ ಅತಿ ಕೆಳಗಿನ ತಂತಿ 41 ಹರ್ಟ್ಜ್, ಪಿಯಾನೋದ ಅತಿ ಕೆಳಗಿನ ಸ್ವರದ ಮನೆ 27.5 ಹರ್ಟ್ಜ್, ನೀವು ಕಳೆದುಕೊಳ್ಳುತ್ತಿರುವುದು ಈ ನಡುವಿನ ಸಂಗೀತವನ್ನು. ನಮ್ಮ ಇಟ್ಟಿಗೆ, ಕಾಂಕ್ರೀಟ್ ಗೋಡೆಗಳು ಬಾಸನ್ನು ಹೀರಿಕೊಳ್ಳದೆ ಹಿಂದಕ್ಕೆ ಕಳಿಸುವುದರಿಂದ ಈ ಏರುಪೇರು ಮರದ ಚೌಕಟ್ಟಿನ ತೆಳು ಗೋಡೆಯ ಮನೆಗಳಲ್ಲಿರುವುದಕ್ಕಿಂತ ತೀವ್ರವಾಗಿರುತ್ತದೆ.

ಆಂಪ್ಲಿಫೈಯರ್‌ನ ವ್ಯಾಟ್ ಇಮ್ಮಡಿಯಾದರೂ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಅದರ ಜೊತೆಗೆ ಗೋಡೆಯಿಂದ ಮರಳುವ ಶಬ್ದವೂ ಅಷ್ಟೇ ಹೆಚ್ಚಿ, ಒಂದನ್ನೊಂದು ಅಳಿಸುವುದು ಹಾಗೆಯೇ ಮುಂದುವರಿಯುತ್ತದೆ. ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಈಕ್ವಲೈಜರ್‌ನಲ್ಲಿ ಆ ಸ್ವರವನ್ನು ಎತ್ತುವುದೂ ಇದೇ ಕಾರಣಕ್ಕೆ ವ್ಯರ್ಥ. ಇನ್ನು ದೊಡ್ಡ ಸ್ಪೀಕರ್‌ನ ಮಾತು: ಅಷ್ಟೇ ಗಟ್ಟಿಯಾಗಿ ಒಂದು ಸ್ಥಾಯಿ ಕೆಳಗಿನ ಸ್ವರ ಹೊರಡಿಸಲು ಸ್ಪೀಕರ್‌ನ ಕೋನ್ (ಹಿಂದೆಮುಂದೆ ಕಂಪಿಸುವ ಭಾಗ) ನಾಲ್ಕು ಪಟ್ಟು ಗಾಳಿಯನ್ನು ತಳ್ಳಬೇಕಾಗುತ್ತದೆ. ಸಣ್ಣ ಪೆಟ್ಟಿಗೆ, ಆಳದ ಬಾಸ್, ಕಡಿಮೆ ವ್ಯಾಟ್‌ಗೆ ಹೆಚ್ಚು ಶಬ್ದ ಎಂಬ ಮೂರೂ ಒಟ್ಟಿಗೆ ದೊರೆಯವು ಎಂಬ ನಿಯಮವನ್ನು ಯಾವ ತಯಾರಕರೂ ಮೀರಿಲ್ಲ. ಆಳದ ಬಾಸ್ ದುಬಾರಿಯಾಗಿರುವುದು ಇದರಿಂದಲೇ, ಮತ್ತು ಆ ಬೆಲೆಯನ್ನು ನೀವು ಈಗಾಗಲೇ ತೆತ್ತಿದ್ದೀರಿ.

ಸೋಫಾವನ್ನು ಹಿಂದಕ್ಕೆ ಸರಿಸಿ, ಕುಳಿತಾಗ ನಿಮ್ಮ ತಲೆ ಹಿಂಬದಿಯ ಗೋಡೆಯಿಂದ ಸುಮಾರು 1.6 ಮೀಟರ್ ದೂರದಲ್ಲಿರುವಂತೆ ನೋಡಿಕೊಳ್ಳಿ. ಅಲ್ಲಿ 34 ಹರ್ಟ್ಜ್ ಮರಳಿ ಕೇಳಿಸುತ್ತದೆ. 68 ಹರ್ಟ್ಜ್‌ನ ಎರಡನೆಯ ಸ್ಥಿರ ತರಂಗವೂ ಪೂರ್ತಿ ಅಳಿಯುವುದಿಲ್ಲ. ಗೋಡೆಗೆ ಒರಗಿಸಿಯೇ ಬಿಟ್ಟರೆ ಎಲ್ಲ ಬಾಸ್ ಒಟ್ಟಾಗಿ ಗುಂಯ್‌ಗುಟ್ಟುತ್ತದೆ. ಅಗಲದ ದಿಕ್ಕಿನಲ್ಲೂ 43 ಹರ್ಟ್ಜ್ ಬಳಿ ಇಂಥದೇ ತಗ್ಗು ಇದೆಯಾದರೂ, ಎರಡೂ ಸ್ಪೀಕರ್‌ಗಳಿಗೆ ಸಮದೂರದಲ್ಲಿ ಕೂರುವ ಸುಖ ಅದಕ್ಕಿಂತ ದೊಡ್ಡದೆಂಬುದು ನನ್ನ ಅಭಿಪ್ರಾಯ.

ಇಷ್ಟಾಗಿಯೂ ಕೊರತೆಯೆನಿಸಿದರೆ ಆಗ ಬಾಸನ್ನಷ್ಟೇ ನುಡಿಸುವ ಪ್ರತ್ಯೇಕ ಸ್ಪೀಕರ್ ಆದ ಸಬ್‌ವೂಫರ್ ಒಂದನ್ನು ಯೋಚಿಸಬಹುದು. ಅದನ್ನು ಮೊದಲು ನೀವು ಕೂರುವ ಜಾಗದಲ್ಲೇ ಇಟ್ಟು, ಕೆಳಸ್ಥಾಯಿಯ ಸ್ವರಗಳನ್ನು ಒಂದೊಂದಾಗಿ ನುಡಿಸುತ್ತ, ಗೋಡೆಗಳ ಉದ್ದಕ್ಕೂ ನೆಲಕ್ಕೆ ಬಾಗಿ ಆಲಿಸಿ. ಎಲ್ಲಿ ಎಲ್ಲ ಸ್ವರಗಳೂ ಹೆಚ್ಚುಕಡಿಮೆ ಒಂದೇ ಸಮನಾಗಿ ಕೇಳಿಸುತ್ತವೆಯೋ ಅಲ್ಲಿ ಸಬ್‌ವೂಫರ್ ಇರಿಸಿ, ನೀವು ಸೋಫಾಕ್ಕೆ ಮರಳಿ.