ಪೋಸ್ಟ್‌ಮನ್ಸ್ ಪಾರ್ಕ್: ಜನ ಕಡಿಮೆ ಇರುವ ಹೊತ್ತು
ನೀವು ಹೋದ ಹೊತ್ತೇ ಸರಿಯಿರಲಿಲ್ಲ ಅನಿಸುತ್ತದೆ. ವಾರದ ದಿನ ಮಧ್ಯಾಹ್ನ 1ಕ್ಕೆ ಲಂಡನ್ನಿನ ಪೋಸ್ಟ್‌ಮನ್ಸ್ ಪಾರ್ಕಿನಲ್ಲಿ ಕೂರಲೂ ಜಾಗ ಸಿಗಲಿಲ್ಲ ಅಂದಿರಿ, ಅಲ್ವಾ? ಅದು ಸುತ್ತಲಿನ ಆಫೀಸಿನವರ ಊಟದ ಸಮಯ.

ಈ ಸಲ ಬೆಳಿಗ್ಗೆ 9ರ ಸುಮಾರಿಗೆ ಹೋಗಿ. ಸೇಂಟ್ ಪಾಲ್ಸ್ ಸ್ಟೇಷನ್ನಿನಲ್ಲಿ ಇಳಿದು, ಸೇಂಟ್ ಮಾರ್ಟಿನ್ಸ್ ಲೆ ಗ್ರಾಂಡ್ ರಸ್ತೆಯಲ್ಲಿ ಉತ್ತರಕ್ಕೆ ನಡೆಯಿರಿ. ಎಡಗಡೆ ಸೇಂಟ್ ಬೊಟಾಲ್ಫ್ ಚರ್ಚ್ ಪಕ್ಕದಲ್ಲೇ ಗೇಟು. ಒಳಗೆ ಮರದ ಚಾವಣಿಯ ಕೆಳಗೊಂದು ಗೋಡೆಯಿದೆ. ಬೇರೆಯವರನ್ನು ಉಳಿಸಲು ಹೋಗಿ ಸತ್ತ ಸಾಮಾನ್ಯ ಜನರ ಹೆಸರು ಅಲ್ಲಿನ ಟೈಲ್ಸ್ ಮೇಲಿದೆ. ಕಲಾವಿದ ಜಿ. ಎಫ್. ವಾಟ್ಸ್ ಮಾಡಿಸಿದ ಈ ಸ್ಮಾರಕ ತೆರೆದದ್ದು 1900ರಲ್ಲಿ. ಆಲಿಸ್ ಏಯರ್ಸ್ ಹೆಸರನ್ನು ಹುಡುಕಿ ಓದಿ. 1885ರಲ್ಲಿ ಹೊತ್ತಿ ಉರಿಯುವ ಮನೆಯಿಂದ 3 ಮಕ್ಕಳನ್ನು ಕಾಪಾಡಲು ಹೋಗಿ ಜೀವ ಬಿಟ್ಟ ಹೆಣ್ಣುಮಗಳು. ಓದುತ್ತಾ ಗಂಟಲು ಕಟ್ಟುತ್ತದೆ.

ಚಳಿಗಾಲದಲ್ಲಿ ಕತ್ತಲಾಗುತ್ತಿದ್ದಂತೆ ಗೇಟು ಮುಚ್ಚುತ್ತಾರೆ, ಸಂಜೆಗೆ ಇಟ್ಟುಕೊಳ್ಳಬೇಡಿ.