54,000 ಓಡಿದ್ದೋ, 1,32,000 ಓಡಿದ್ದೋ? ಘಟ್ಟದ ರಸ್ತೆಗೆ ಹಳೆಯ ಎಸ್‌ಯುವಿ ಆರಿಸುವ ಮಾತು

ನಿಮ್ಮ ಪ್ರಶ್ನೆಯಲ್ಲಿ ಇರುವುದಿಷ್ಟು: ತೀರ್ಥಹಳ್ಳಿ ಹತ್ತಿರ ಮನೆ, ಗಂಡ ಹೆಂಡತಿ, ಇಬ್ಬರು ಮಕ್ಕಳು, ಮಂಡಿ ನೋವಿನ ತಾಯಿ. ತಿಂಗಳಿಗೆ ಸುಮಾರು 700 ಕಿಲೋಮೀಟರ್ ಓಡಾಟ. ಅದರಲ್ಲಿ ಒಂದು ಸಲ ತಾಯಿಯನ್ನು ಆಸ್ಪತ್ರೆಗೆ ತೋರಿಸಲು ಆಗುಂಬೆ ಘಟ್ಟ ಇಳಿದು ಮಣಿಪಾಲಕ್ಕೆ. ಕೈಯಲ್ಲಿ ಆರೂವರೆ ಲಕ್ಷ. ನೋಡಿಟ್ಟಿರುವುದು ಮಾರುತಿಯ ಎರಡು ಡೀಸೆಲ್ ವಿಟಾರಾ ಬ್ರೆಝಾ. ಒಂದು 2017ರದ್ದು, ಮಂಗಳೂರು ನೋಂದಣಿ, 54,000 ಓಡಿದೆ, 6.3 ಲಕ್ಷ ಕೇಳುತ್ತಿದ್ದಾರೆ. ಇನ್ನೊಂದು 2018ರದ್ದು, ದಾವಣಗೆರೆ ನೋಂದಣಿ, 1,32,000 ಓಡಿದೆ, 5.4 ಲಕ್ಷ. ನಿಮ್ಮ ಭಾವನವರು ಎರಡೂ ಬೇಡ, ಬೊಲೆರೋ ತೆಗೆದುಕೊಳ್ಳಿ ಎನ್ನುತ್ತಿದ್ದಾರೆ.

ಅಡಿಭಾಗ ಚೆನ್ನಾಗಿದ್ದರೆ ದಾವಣಗೆರೆಯದ್ದನ್ನು ತೆಗೆದುಕೊಳ್ಳಿ. ಇದು ನನ್ನ ಉತ್ತರ. ಕಡಿಮೆ ಓಡಿದ್ದನ್ನು ಬಿಟ್ಟು ಹೆಚ್ಚು ಓಡಿದ್ದನ್ನು ಹೇಳುತ್ತಿದ್ದೇನೆ ಎಂದು ಗಾಬರಿಯಾಗಬೇಡಿ. ಮೀಟರಿನ ಅಂಕಿಯನ್ನೊಂದೇ ನಂಬಿ ವಾಹನ ತಂದು ಪಟ್ಟ ಪಾಡು ನನಗೆ ಇನ್ನೂ ಮರೆತಿಲ್ಲ.

ನಮ್ಮದು ಹೊಸನಗರ ತಾಲ್ಲೂಕು. ಕೆಲವು ವರ್ಷಗಳ ಹಿಂದೆ ಕರಾವಳಿಯ ಊರೊಂದರಿಂದ 41,000 ಓಡಿದ ವಾಹನ ತಂದೆವು. ಬಣ್ಣ ಮಿರಮಿರ ಮಿಂಚುತ್ತಿತ್ತು, ಸೀಟುಗಳು ಹೊಸದರಂತಿದ್ದವು. ಎರಡನೆಯ ಮಳೆಗಾಲದಲ್ಲಿ ನೆಂಟರ ಮನೆಗೆಂದು ಹುಲಿಕಲ್ ಘಟ್ಟ ಇಳಿಯುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅತ್ತೆ, ಮಕ್ಕಳು. ಒಂದು ತಿರುವಿಗೆ ಮೊದಲು ಬ್ರೇಕ್ ಒತ್ತಿದೆ, ಪೆಡಲ್ ಮೆತ್ತಗೆ ಒಳಗೆ ಹೋಯಿತು. ಕೆಸರಿನಲ್ಲಿ ಕಾಲು ಹೂತಂತೆ. ಬ್ರೇಕಿಗೆ ಎರಡು ಪ್ರತ್ಯೇಕ ಸರ್ಕ್ಯೂಟ್ ಇರುವುದರಿಂದ ಅರ್ಧ ಹಿಡಿತ ಉಳಿದಿತ್ತು. ಎರಡನೇ ಗೇರಿಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ರಸ್ತೆ ಬದಿಯ ಮಣ್ಣಿನ ಧರೆಗೆ ಒರಗಿಸಿ ನಿಲ್ಲಿಸಿದೆ. ಹೊಸನಗರದಿಂದ ಬಂದ ಮೆಕಾನಿಕ್ ಗೋಣಿಚೀಲ ಹಾಸಿ ಅಡಿಗೆ ನುಸುಳಿದರು. ಹೊರಗೆ ಬಂದವರು ಅಂಗೈ ಬಿಡಿಸಿ ತೋರಿಸಿದರು. ಒಣಗಿದ ಅಡಿಕೆ ಸಿಪ್ಪೆಯ ಪುಡಿಯಂತೆ ಕೆಂಪು ತುಕ್ಕಿನ ಚೂರುಗಳು. ಪೆನ್ಸಿಲಿನಷ್ಟೂ ದಪ್ಪವಿಲ್ಲದ ಬ್ರೇಕ್ ಪೈಪ್, ಅದನ್ನು ಹಿಡಿದಿಟ್ಟ ಕ್ಲಿಪ್ಪಿನ ಬಳಿ ತುಕ್ಕು ತಿಂದು ತೂತಾಗಿತ್ತು. ಎಂಜಿನ್‌ಗೆ ಮಾತ್ರ ಏನೂ ಆಗಿರಲಿಲ್ಲ. 41,000 ಎಂಬ ಅಂಕಿಯೂ ಸುಳ್ಳಾಗಿರಲಿಲ್ಲ.

ಕಡಲ ಹತ್ತಿರ ನಿಂತ ವಾಹನದ ಸಂದುಗೊಂದುಗಳಲ್ಲಿ ಉಪ್ಪು ಸೇರಿರುತ್ತದೆ. ಅಂಥದ್ದನ್ನು ನಮ್ಮ ಕಡೆಗೆ ತಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಒಣಗುವುದೇ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು. ಚಕ್ರದ ಒಳಗೂಡಿಗೆ ಮೆತ್ತಿದ ಕೆಂಪು ಮಣ್ಣು ಒದ್ದೆಬಟ್ಟೆಯಂತೆ ತಿಂಗಳುಗಟ್ಟಲೆ ಅಂಟಿಕೊಂಡಿರುತ್ತದೆ. ಹಾಗೆಂದು ಕೆಎ 19, ಅಂದರೆ ಮಂಗಳೂರು ನೋಂದಣಿ, ಎಂದ ಕೂಡಲೇ ಬೇಡ ಎನ್ನಬೇಕಿಲ್ಲ. ಮನೆಯೊಳಗೆ ನಿಲ್ಲಿಸಿ, ಆಗಾಗ ಅಡಿಭಾಗ ತೊಳೆಸಿ ಕಾಪಾಡಿದವರೂ ಇದ್ದಾರೆ. ಆದರೆ ನೋಡದೆ ಹಣ ಕೊಡಬೇಡಿ. ಲಿಫ್ಟ್ ಇರುವ ಗ್ಯಾರೇಜಿನಲ್ಲಿ ವಾಹನವನ್ನು ಮೇಲಕ್ಕೆತ್ತಿಸಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಅಂಥ ಗ್ಯಾರೇಜುಗಳಿಗೆ ಬರವಿಲ್ಲ. ಮೆಕಾನಿಕ್ ಸ್ಕ್ರೂಡ್ರೈವರಿನ ಹಿಡಿಯಿಂದ ಕುಟ್ಟುತ್ತಾ ಹೋಗಲಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ತುಕ್ಕು ತಿಂದದ್ದು ಡಬ್ ಎನ್ನುತ್ತದೆ, ನಿಮ್ಮ ಕಿವಿಗೇ ಗೊತ್ತಾಗುತ್ತದೆ. ಬ್ರೇಕ್ ಪೈಪ್, ಸೈಲೆನ್ಸರ್ ಹಿಡಿಕೆಗಳು, ಹಿಂದಿನ ಆಕ್ಸಲ್ ಕೂರುವ ಜಾಗ, ಬಾಗಿಲಿನ ಕೆಳಗಿನ ಅಂಚು, ಇವನ್ನು ನೀವೇ ಕಣ್ಣಾರೆ ನೋಡಿ. ಅಡಿಗೆ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಇನ್ನಷ್ಟು ಎಚ್ಚರ. ಮಾರುವ ಮುನ್ನ ಬಳಿದ ಬಣ್ಣ ತುಕ್ಕನ್ನು ತಡೆಯಲು ಬಳಿದದ್ದಲ್ಲ, ಮುಚ್ಚಲು ಬಳಿದದ್ದು.

ಈಗ ದಾವಣಗೆರೆಯದರ ವಿಷಯ. 1,32,000 ಎಂದರೆ ವರ್ಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ. ದಾವಣಗೆರೆ ಇರುವುದು ರಾಷ್ಟ್ರೀಯ ಹೆದ್ದಾರಿ 48ರ ಮೇಲೆ. ಇಷ್ಟು ಓಡಿದ ವಾಹನ ಬಹುಮಟ್ಟಿಗೆ ಹೆದ್ದಾರಿಯಲ್ಲೇ ಓಡಿರಬೇಕು, ಮಾಲೀಕರ ಕೆಲಸ ಏನೆಂದು ಕೇಳಿದರೆ ಖಚಿತವಾಗುತ್ತದೆ. ಎಂಜಿನ್ ಹದಕ್ಕೆ ಬಿಸಿಯಾಗಿ, ಐದನೇ ಗೇರಿನಲ್ಲಿ, ಒಂದೇ ವೇಗದಲ್ಲಿ ಓಡಿದ ಲಕ್ಷ ಕಿಲೋಮೀಟರ್ ಡೀಸೆಲ್ ಎಂಜಿನ್‌ಗೆ ಭಾರವಲ್ಲ. ದಿನಾ ಮೂರು ಕಿಲೋಮೀಟರ್ ಶಾಲೆಗೆ, ಮಾರುಕಟ್ಟೆಗೆ ಓಡಿ, ಬಿಸಿಯಾಗುವ ಮೊದಲೇ ಆರುತ್ತಿದ್ದ ಎಂಜಿನ್ ಅರ್ಧದಷ್ಟೇ ಓಡಿದ್ದರೂ ಹೆಚ್ಚು ಸವೆದಿರಬಹುದು.

ನಾನು ಈಗ ಓಡಿಸುತ್ತಿರುವುದೂ ಇದೇ ಬ್ರೆಝಾ, 2016ರದ್ದು. ಮೀಟರ್ 1,71,000 ದಾಟಿದೆ. 1.3 ಲೀಟರಿನ ಈ ಎಂಜಿನ್ ಮೂಲತಃ ಫಿಯಟ್‌ನದ್ದು. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಬಂದಾಗ ಮಾರುತಿ ಇದನ್ನು ನಿಲ್ಲಿಸಿತು. ನಿಂತುಹೋದ ಎಂಜಿನ್, ಬಿಡಿಭಾಗ ಸಿಗುವುದೇ ಎಂಬ ಚಿಂತೆ ಬೇಡ. ಸ್ವಿಫ್ಟ್, ಡಿಸೈರ್, ಎರ್ಟಿಗಾ ಎಲ್ಲದರಲ್ಲೂ ಇದೇ ಕುಟುಂಬದ ಎಂಜಿನ್ ಇದ್ದುದರಿಂದ ತೀರ್ಥಹಳ್ಳಿಯ ಮೆಕಾನಿಕ್‌ಗೂ ಇದರ ಒಳಹೊರಗು ಗೊತ್ತು. ನಮ್ಮಂಥ ಊರಿನವರಿಗೆ ಇದು ಬಹಳ ದೊಡ್ಡ ವಿಷಯ. ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟಾದಾಗ ಶಿವಮೊಗ್ಗದ ಶೋರೂಮ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇದರ ದೌರ್ಬಲ್ಯವನ್ನೂ ಹೇಳಿಬಿಡುತ್ತೇನೆ. ಎಂಜಿನ್ ವೇಗ ನಿಮಿಷಕ್ಕೆ 2,000 ಸುತ್ತಿನ ಹತ್ತಿರ ಬರುವವರೆಗೆ ಟರ್ಬೊ, ಅಂದರೆ ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿ ಬಲ ಕೊಡುವ ಭಾಗ, ಎಳೆಯುವುದಿಲ್ಲ. ಆಗುಂಬೆಯ 14 ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಸೊರಗಿದಾಗ ಹೊಸಬರು ಕ್ಲಚ್ಚನ್ನು ಅರ್ಧ ಒತ್ತಿ ಎಳೆಸುತ್ತಾರೆ, ಅಲ್ಲೇ ಕ್ಲಚ್ ಸುಡುವುದು. ಸಂಕೋಚವಿಲ್ಲದೆ ಒಂದನೇ ಗೇರಿಗೆ ಇಳಿಸಿ. ಕ್ಲಚ್ ಪರೀಕ್ಷೆ ಸುಲಭ. ಸಮತಟ್ಟು ಜಾಗದಲ್ಲಿ, ಮುಂದೆ ಯಾರೂ ಇಲ್ಲದಾಗ, ಹ್ಯಾಂಡ್‌ಬ್ರೇಕ್ ಬಿಗಿಯಾಗಿ ಎಳೆದು, ನಾಲ್ಕನೇ ಗೇರ್ ಹಾಕಿ, ಕ್ಲಚ್ಚನ್ನು ನಿಧಾನವಾಗಿ ಬಿಡಿ. ಎಂಜಿನ್ ತಕ್ಷಣ ಆರಿದರೆ ಕ್ಲಚ್ ಚೆನ್ನಾಗಿದೆ. ಆರದೆ ಗುರ್ ಎನ್ನುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಇನ್ನೊಂದು ಟೈಮಿಂಗ್ ಚೈನ್, ಎಂಜಿನ್ ಒಳಗಿನ ಭಾಗಗಳನ್ನು ತಾಳ ತಪ್ಪದೆ ತಿರುಗಿಸುವ ಸರಪಳಿ. ಆಯಿಲ್ ಬದಲಿಸುವುದನ್ನು ತಡ ಮಾಡಿದವರ ಗಾಡಿಯಲ್ಲಿ ಚೈನ್ ಸಡಿಲವಾಗಿ, ಬೆಳಗಿನ ಮೊದಲ ಸ್ಟಾರ್ಟಿಗೆ ಗರಗರ ಸದ್ದು ಮಾಡುತ್ತದೆ. ಆದ್ದರಿಂದ ಹಿಂದಿನ ದಿನವೇ ಫೋನ್ ಮಾಡಿ, ನಾನು ಬರುವ ಮೊದಲು ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಟ್ಟಿರಿ. ಹೋದ ಕೂಡಲೇ ಬಾನೆಟ್ಟಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಆ ದಿನ ವ್ಯಾಪಾರದ ಮಾತು ಬೇಡ, ಇನ್ನೊಂದು ಬೆಳಿಗ್ಗೆ ಹೋಗಿ.

ಎರಡರ ಬೆಲೆಯ ಅಂತರ 90,000. ನನ್ನ ಗಾಡಿಗೆ ಲಕ್ಷ ಕಿಲೋಮೀಟರಿನ ಆಸುಪಾಸಿನಲ್ಲಿ ಬಂದ ಖರ್ಚು ಕ್ಲಚ್ ಕೂಲಿ ಸಹಿತ 16,500, ನಾಲ್ಕು ಟೈರಿಗೆ 28,000, ಮುಂದಿನ ಸಸ್ಪೆನ್ಷನ್ನಿನ ಬುಷ್ ಇತ್ಯಾದಿಗೆ 9,000, ಅಡಿಭಾಗದ ತುಕ್ಕುನಿರೋಧಕ ಲೇಪನಕ್ಕೆ 5,000. ಒಟ್ಟು 58,500. ದಾವಣಗೆರೆಯದರಲ್ಲಿ ಇವೆಲ್ಲ ಒಟ್ಟಿಗೆ ಬಂದರೂ 31,500 ಉಳಿಯುತ್ತದೆ, ಜೊತೆಗೆ ಗಾಡಿ ಒಂದು ವರ್ಷ ಹೊಸದು. ಕ್ಲಚ್ ಈಗಾಗಲೇ ಬದಲಾಗಿದ್ದರೆ ಇನ್ನೂ ಒಳ್ಳೆಯದು. ಸವೆಯುವ ಭಾಗಗಳನ್ನು ಹಣ ಕೊಟ್ಟು ಹೊಸದು ಹಾಕಿಸಬಹುದು. ತುಕ್ಕು ಹಿಡಿದ ಬಾಡಿಗೆ ಎಷ್ಟು ಸುರಿದರೂ ಅದು ಮುಂದಿನ ಮಳೆಗಾಲಕ್ಕೆ ಮತ್ತೆ ಬಾಯಿ ಬಿಡುತ್ತದೆ.

ಮೈಲೇಜ್ ಬಗ್ಗೆ ನಿಮಗೆ ಬಹಳ ಯೋಚನೆ ಇದ್ದಂತಿದೆ. ಕಂಪನಿ ಹೇಳಿದ್ದು ಲೀಟರಿಗೆ 24.3. ನನಗೆ ಘಟ್ಟ, ಊರು ಎಲ್ಲ ಸೇರಿ ಸಿಗುವುದು 18. ಡೀಸೆಲ್ ಲೀಟರಿಗೆ 91 ರೂಪಾಯಿ ಎಂದು ಹಿಡಿದರೆ ವರ್ಷದ 8,400 ಕಿಲೋಮೀಟರಿಗೆ ಸುಮಾರು 42,500 ರೂಪಾಯಿ. ಬೊಲೆರೋ 14 ಕೊಟ್ಟರೂ 54,600. ವ್ಯತ್ಯಾಸ ತಿಂಗಳಿಗೆ ಒಂದು ಸಾವಿರ. ಆದ್ದರಿಂದ ಬೊಲೆರೋ ಬೇಡ ಎನ್ನಲು ಮೈಲೇಜ್ ಕಾರಣವಾಗಬಾರದು. ನಿಜವಾದ ಕಾರಣ ನಿಮ್ಮ ತಾಯಿಯ ಮಂಡಿ. ಬೊಲೆರೋ ಗಟ್ಟಿ, ರಿಪೇರಿ ಸುಲಭ, ತೋಟಕ್ಕೆ ಗೊಬ್ಬರ, ಪೇಟೆಗೆ ಅಡಿಕೆ ಮೂಟೆ ಸಾಗಿಸುವುದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ, ಭಾವನವರ ಮಾತಿನಲ್ಲಿ ತಿರುಳಿಲ್ಲದಿಲ್ಲ. ಆದರೆ ಅದನ್ನು ಹತ್ತಲು ಕಾಲು ಎತ್ತರಕ್ಕೆ ಎತ್ತಬೇಕು, ಹಿಂದೆ ಪಟ್ಟಿ ಸ್ಪ್ರಿಂಗ್ ಇರುವುದರಿಂದ ಗುಂಡಿಯ ರಸ್ತೆಯಲ್ಲಿ ಕುಕ್ಕುತ್ತದೆ. ಬ್ರೆಝಾದ ಸೀಟು ಸೊಂಟದ ಎತ್ತರಕ್ಕೆ ಬರುವುದರಿಂದ ನಮ್ಮ ಅತ್ತೆ ಯಾರ ಕೈಯನ್ನೂ ಹಿಡಿಯದೆ ಕೂರುತ್ತಾರೆ. ಕೊಳ್ಳುವ ಮೊದಲು ತಾಯಿಯನ್ನು ಎರಡರಲ್ಲೂ ಒಮ್ಮೆ ಹತ್ತಿಸಿ ಇಳಿಸಿ ನೋಡಿ.

ಇನ್ನೂ ಸ್ವಲ್ಪ ಹಣ ಹಾಕಿ 2020ರ ನಂತರದ ಡೀಸೆಲ್ ಎಸ್‌ಯುವಿ ತೆಗೆದುಕೊಳ್ಳಿ ಎಂದು ಯಾರಾದರೂ ಹೇಳಬಹುದು. ಬಿಎಸ್6 ಡೀಸೆಲ್‌ಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಆ ಮಸಿ ಸುಟ್ಟುಹೋಗಲು ಗಾಡಿ ಆಗಾಗ ಬಿಸಿಯಾಗಿ, ಒಂದೇ ಸಮನೆ ಓಡಬೇಕು. ತೀರ್ಥಹಳ್ಳಿ ಪೇಟೆಗೂ ಮನೆಗೂ ಓಡಾಡುವ ಗಾಡಿಯಲ್ಲಿ ಅದು ಕಟ್ಟಿಕೊಳ್ಳುವ ಸಂಭವ ಹೆಚ್ಚು. ನೀವು ನೋಡಿರುವ ಎರಡರಲ್ಲೂ ಅದಿಲ್ಲ. ಹತ್ತು ವರ್ಷವಾದ ಡೀಸೆಲ್ ಓಡಿಸಬಾರದು ಎಂಬ ಮಾತು ದೆಹಲಿ ಸುತ್ತಮುತ್ತಲಿಗೆ ಸೇರಿದ್ದು, ನಮ್ಮಲ್ಲಿ 15 ವರ್ಷಕ್ಕೆ ನೋಂದಣಿ ನವೀಕರಿಸಿಕೊಳ್ಳಬೇಕು.

ಮೀಟರ್ ಹಿಂದಕ್ಕೆ ತಿರುಗಿಸಿದ್ದಾರೆಯೇ ಎಂದು ತಿಳಿಯುವುದು ಕಷ್ಟವಲ್ಲ. ಮಾಲೀಕರನ್ನು ಜೊತೆಗೆ ಕರೆದುಕೊಂಡು ಸರ್ವಿಸ್ ಸೆಂಟರಿಗೆ ಹೋಗಿ, ಹಿಂದಿನ ಸರ್ವಿಸ್‌ಗಳ ದಾಖಲೆ ತೆಗೆಸಿ. ದಿನಾಂಕ, ಕಿಲೋಮೀಟರ್ ಎರಡೂ ಅದರಲ್ಲಿರುತ್ತವೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2317 ಎಂದಿದ್ದರೆ 2017ರ 23ನೇ ವಾರ ತಯಾರಾದದ್ದು. ಮಂಗಳೂರಿನ ಗಾಡಿಯಲ್ಲಿ 2017ರ ಟೈರುಗಳೇ ಇದ್ದರೆ 54,000 ನಂಬಬಹುದು, ಆದರೆ ಟೈರ್ ಹಳೆಯದಾಗಿ ಗಟ್ಟಿಯಾಗಿರುತ್ತದೆ, ಅದರ ಬೆಲೆ ಕಡಿತ ಮಾಡಿ ಕೇಳಿ.

ಇನ್ನೊಂದು ದಾಖಲೆಯನ್ನು ಬಹಳ ಜನ ಕೇಳುವುದೇ ಇಲ್ಲ. ಅದು ಈಗಿನ ವಿಮಾ ಪಾಲಿಸಿ. ಅದರಲ್ಲಿ ನೋ ಕ್ಲೇಮ್ ಬೋನಸ್, ಅಂದರೆ ಪರಿಹಾರ ಪಡೆಯದವರಿಗೆ ವಿಮಾ ಕಂತಿನಲ್ಲಿ ಸಿಗುವ ರಿಯಾಯಿತಿ, ಎಷ್ಟಿದೆ ನೋಡಿ. ಸತತ ಐದು ವರ್ಷ ಪರಿಹಾರ ಪಡೆಯದವರಿಗೆ ಅದು ಶೇಕಡಾ 50 ಇರುತ್ತದೆ. ಒಬ್ಬರೇ ಮಾಲೀಕರು ಏಳು ವರ್ಷ ಇಟ್ಟುಕೊಂಡ ಗಾಡಿಗೆ ಅದು ಸೊನ್ನೆಯೋ ಇಪ್ಪತ್ತೋ ಇದ್ದರೆ, ಇತ್ತೀಚೆಗೆ ಏನಕ್ಕೆ ಪರಿಹಾರ ಪಡೆದಿರಿ ಎಂದು ನೇರವಾಗಿ ಕೇಳಿ. ಬಂಪರ್ ಸವರಿದ್ದಕ್ಕೂ ಇರಬಹುದು, ಗಾಡಿ ಮಗುಚಿದ್ದಕ್ಕೂ ಇರಬಹುದು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡುವುದನ್ನೂ ಮರೆಯಬೇಡಿ. ನೀರಿನಲ್ಲಿ ಮುಳುಗಿದ ಗಾಡಿಯನ್ನು ಎಷ್ಟು ತೊಳೆದರೂ ಬೆಲ್ಟಿನ ಕೊನೆಯಲ್ಲಿ ಕೆಸರಿನ ಗೆರೆ ಉಳಿಯುತ್ತದೆ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿದ್ದು ನಿಮಗೂ ನೆನಪಿರಬಹುದು. ಅಂಥ ಗಾಡಿಗಳು ಊರು ಬದಲಿಸಿ ಮಾರಾಟಕ್ಕೆ ಬರುತ್ತವೆ.

ಕಾಗದಪತ್ರದಲ್ಲಿ ಸಾಲದ ನಮೂದು ಇದ್ದರೆ ಬ್ಯಾಂಕಿನ ನಿರಾಕ್ಷೇಪಣಾ ಪತ್ರ ಮತ್ತು ಆ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಮಾಲೀಕತ್ವ ವರ್ಗಾಯಿಸುವ ಫಾರಂ 29, 30ಕ್ಕೆ ಸಹಿಯಾದ ಮೇಲೆ ವಿಮೆಯನ್ನೂ 14 ದಿನಗಳೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ.

ದಾವಣಗೆರೆಯವರಿಗೆ 4.95 ಲಕ್ಷದಿಂದ ಮಾತು ಶುರು ಮಾಡಿ, 5.2ರೊಳಗೆ ಮುಗಿಸಲು ನೋಡಿ. ಸರ್ವಿಸ್ ದಾಖಲೆ ಕೈಗೆ ಬಂದ ಮೇಲೆ ಕ್ಲಚ್ ಯಾವಾಗ ಬದಲಾಗಿದೆ, ಆಯಿಲ್ ಎಷ್ಟೆಷ್ಟು ಕಿಲೋಮೀಟರಿಗೆ ಬದಲಾಗಿದೆ ಎಂಬ ಸಾಲುಗಳನ್ನು ಇಲ್ಲಿ ಬರೆಯಿರಿ. ಹತ್ತು ಸಾವಿರಕ್ಕೊಮ್ಮೆ ಬದಲಾಗಬೇಕಾದ ಆಯಿಲ್ ಎಲ್ಲಾದರೂ ಹದಿನೈದು ಇಪ್ಪತ್ತು ಸಾವಿರಕ್ಕೆ ಎಳೆದಿದ್ದರೆ ಬೆಲೆಯಲ್ಲಿ ಇನ್ನೆಷ್ಟು ಇಳಿಸಬೇಕು, ಅಥವಾ ಆ ಗಾಡಿಯನ್ನು ಬಿಟ್ಟೇಬಿಡಬೇಕೇ ಎಂಬುದನ್ನು ನೋಡಿ ಹೇಳುತ್ತೇನೆ.